ಅಡುಗೆಮನೆಗೆ ಟೈಲ್ಸ್ ಹಾಕಿದ ಬೇಸಿಗೆ

ನನ್ನ ಮನೆಯನ್ನು ನಾನು ನಡುಮಧ್ಯಾಹ್ನದಲ್ಲಿ ನೋಡಿದ್ದು ಕೊರೋನಾ ಬಂದ ಮೇಲೆಯೇ. ಹೀಗೆಂದರೆ ಜನ ನಗುತ್ತಾರೆ, ಆದರೆ ಮಾತು ಖರೆ. ಗೋವಾದ ಪರ್ವರಿಯಲ್ಲಿ ಮನೆಯೊಡತಿ ಫಿಲು ಆಂಟಿಯ ಬಂಗಲೆಯ ಹಿಂದಿರುವ ಎರಡು ಕೋಣೆಗಳಿಗೆ ನಾನು ಮದುವೆಯಾದ ವರ್ಷವೇ ಬಾಡಿಗೆಗೆ ಬಂದವಳು. ಇಬ್ಬರು ಮಕ್ಕಳನ್ನು ಅಲ್ಲಿಯೇ ಬೆಳೆಸಿದೆ. ಆದರೆ ಬೆಳಿಗ್ಗೆ ರೊಟ್ಟಿ ಬಡಿದು ಡಬ್ಬಿ ಕಟ್ಟಿ, ಮಣಿಸರ, ಕನ್ನಡಿ ಕೂಡಿಸಿದ ಚೀಲ, ಬಣ್ಣದ ದುಪಟ್ಟಾಗಳ ಗಂಟು ಹೊತ್ತು ಸಮುದ್ರದಂಡೆಗೆ ಹೋಗುವ ಬಸ್ ಹಿಡಿದರೆ, ಮರಳಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವ್ವನ ಸೆರಗು ಹಿಡಿದು ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದಾಗ ನಾನು ನಾಲ್ಕನೆಯ ಇಯತ್ತೆ ಮುಗಿಸಿದ್ದೆ, ಅಷ್ಟೇ. ಆ ನಾಲ್ಕು ವರ್ಷದ ಕನ್ನಡವನ್ನು ಆಮೇಲೆ ಕೈಗೆ ಸಿಕ್ಕ ಪೇಪರು, ಪುಸ್ತಕ ಓದಿ ಓದಿ ಉಳಿಸಿಕೊಂಡೆ. ಹುಡುಗಿಯಾಗಿದ್ದಾಗಿನ ನನ್ನ ದಿನಗಳೆಲ್ಲ ಉಸುಕಿನ ಮೇಲೆ, ಬೇರೆಯವರ ರಜೆಯ ನಡುವೆ ಕಳೆದವು. ಹಾಗಾಗಿ ನಿನ್ನ ಬಾಲ್ಯದ ಮನೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಪರ್ವರಿಯ ಆ ಎರಡು ಕೋಣೆಗಳನ್ನೇ ಹೇಳುತ್ತೇನೆ. ಮನೆಯೊಳಗೆ ಸುಮ್ಮನೆ ಕುಳಿತಿರುವುದು, ಕಾರಣವಿಲ್ಲದೆ ಜಗಳಾಡುವುದು, ಹೊಟ್ಟೆ ಹಿಡಿದುಕೊಂಡು ನಗುವುದು, ಇವನ್ನೆಲ್ಲ ನಾನು ಕಲಿತದ್ದು ಅಲ್ಲಿ. ಕಲಿಸಿದವರು ನನ್ನ ಮಕ್ಕಳು. ಆಗ ನನ್ನ ತಲೆಯಲ್ಲಿ ಬಿಳಿಕೂದಲು ಮೂಡಿದ್ದವು.

ಸಮುದ್ರದಂಡೆ ಬಂದ್ ಆಯಿತು, ಬಸ್ಸು ಬಂದ್ ಆಯಿತು, ಪರ್ವರಿಯಲ್ಲಿ ಏಳುತ್ತಿದ್ದ ದೊಡ್ಡ ದೊಡ್ಡ ಕಟ್ಟಡಗಳ ಕೆಲಸವೂ ನಿಂತಿತು. ಮಕ್ಕಳ ಅಪ್ಪ ಆ ಕಟ್ಟಡಗಳಲ್ಲಿ ಟೈಲ್ಸ್ ಕೂಡಿಸುವವರು. ನಾವು ನಾಲ್ಕೂ ಜನ ಒಂದೇ ಸಲ ಮನೆಯೊಳಗೆ ಉಳಿದೆವು. ಮೊದಲ ದಿನ ನನಗೆ ಎಲ್ಲಿ ಕೂಡಬೇಕೆಂಬುದೇ ತಿಳಿಯಲಿಲ್ಲ. ಹೆಂಚಿನ ನಡುವೆ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿದ ಬಿಸಿಲಿನ ತುಂಡು ಒಲೆಯ ಹತ್ತಿರದಿಂದ ಹೊರಟು ಮೆಲ್ಲಗೆ ತೆವಳುತ್ತ ನೀರಿನ ಕೊಡದ ತನಕ ಹೋಗುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು. ಆ ಬೆಳಕಿನಲ್ಲಿ ಅಡುಗೆಮನೆಯ ನೆಲವೂ ಸರಿಯಾಗಿ ಕಂಡಿತು. ಸಿಮೆಂಟು ಕಿತ್ತು ಕುಳಿ ಬಿದ್ದು, ಎಷ್ಟು ಗುಡಿಸಿದರೂ ಪುಡಿ ಉದುರುವ ನೆಲ. ಇಷ್ಟು ವರ್ಷ ಊರ ಮಂದಿಯ ಮನೆಗಳಿಗೆಲ್ಲ ಮುಖ ಕಾಣುವಂಥ ನೆಲ ಹಾಸಿದವರ ಮನೆಯ ನೆಲ ಹೀಗಿತ್ತು.

ನೆಲಕ್ಕಿಂತ ಹೆಚ್ಚು ಹೊಸದಾಗಿ ಕಂಡವರು ಮಕ್ಕಳು. ಈರಣ್ಣನಿಗೆ ಹದಿನೇಳು ತುಂಬಿತ್ತು, ರೇಣುಕಾ ಹದಿನೈದರವಳು. ನಾನು ಬೆಳಿಗ್ಗೆ ಬಿಟ್ಟು ಹೋಗುವಾಗ ಮಲಗಿರುತ್ತಿದ್ದ, ಸಂಜೆ ಬಂದಾಗ ಹಸಿದಿರುತ್ತಿದ್ದ ಮಕ್ಕಳು ಇವರೇನಾ ಅನ್ನಿಸಿತು. ಈರಣ್ಣನ ಮೂಗಿನ ಕೆಳಗೆ ಮೀಸೆಯೆಂದು ಅವನು, ಮಸಿಯೆಂದು ತಂಗಿ ಕರೆಯುವ ಒಂದು ಗೆರೆ ಮೂಡಿತ್ತು. ಹೊಸ್ತಿಲು ದಾಟುವ ಹಾಗಿರಲಿಲ್ಲ, ಆದರೂ ಅವನು ಬೆಳಿಗ್ಗೆ ಎದ್ದು ತಲೆಗೆ ನೀರು ಹಚ್ಚಿ, ಮುಂಗೂದಲನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಚಿ, ಕನ್ನಡಿಯ ಮುಂದೆ ನಿಂತೇ ಇರುತ್ತಿದ್ದ.

“ಎಲ್ಲಿಗಿ ಹೊಂಟೀಯೋ?” ಎಂದೆ ಒಂದು ದಿನ.

“ಎಲ್ಲಿಗೂ ಇಲ್ಲವ್ವಾ.”

“ಮತ್ತ ಯಾರಿಗಿ ತೋರಸಾಕ ಇಷ್ಟೆಲ್ಲಾ?”

“ಫಿಲು ಆಂಟಿ ಕೋಳಿಗಳಿಗಿ,” ಎಂದು ರೇಣು ಹಾಸಿಗೆಯಿಂದಲೇ ಕೂಗಿದಳು. “ಅವೂ ಇವನ್ನ ನೋಡಿ ಹಿತ್ತಲಕ್ಕ ಓಡಿ ಹೋಗ್ತಾವ.”

ಬಾಚಣಿಗೆ ಅವಳತ್ತ ಹಾರಿತು. ಹೀಗೆ ದಿನ ಶುರುವಾಗುತ್ತಿತ್ತು. ಸ್ನಾನ ಮೊದಲು ಯಾರದು, ಫ್ಯಾನಿನ ಮುಖ ಯಾರ ಕಡೆ, ಚಾದ ಕೆನೆ ಯಾರ ಲೋಟದಲ್ಲಿ ಬಿತ್ತು, ಎಲ್ಲಕ್ಕೂ ಜಗಳ. ನನಗೆ ಕೇಳಿಸಬಾರದ ಮಾತಿದ್ದರೆ ಇಬ್ಬರೂ ಕೊಂಕಣಿಗೆ ಹೊರಳುತ್ತಿದ್ದರು. ಕೊಂಕಣಿ ನನಗೂ ಬರುತ್ತದೆ ಎಂದು ನೆನಪಾದ ಕೂಡಲೇ ಇಂಗ್ಲಿಷಿಗೆ ಹಾರುತ್ತಿದ್ದರು. ಸಮುದ್ರದಂಡೆಯಲ್ಲಿ ಅಷ್ಟು ವರ್ಷ ವ್ಯಾಪಾರ ಮಾಡಿದವಳಿಗೆ ಅದೂ ತಕ್ಕಮಟ್ಟಿಗೆ ತಿಳಿಯುತ್ತದೆ ಎಂದು ಅವರಿಗೆ ಗೊತ್ತಾದದ್ದು, ಮಗಳು ಅಣ್ಣನಿಗೆ ನನ್ನ ಬದನೆಕಾಯಿ ಪಲ್ಯದ ಬಗ್ಗೆ ಹೇಳಿದ ಮಾತಿಗೆ ನಾನು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಾಗ. ಆ ಹೊತ್ತು ಪಲ್ಯ ಪೂರ್ತಿ ಖಾಲಿಯಾಯಿತು.

ಶಾಲೆಯವರು ಫೋನಿನಲ್ಲೇ ಪಾಠ ಶುರು ಮಾಡಿದರು. ನಮ್ಮಲ್ಲಿ ದೊಡ್ಡ ಫೋನು ಇದ್ದದ್ದು ಒಂದೇ. ಮಾತಿಗೆ ಸಿಗ್ನಲ್ ಸಿಕ್ಕರೂ ಇಂಟರ್ನೆಟ್ ಮನೆಯೊಳಗೆ ಬರುತ್ತಿರಲಿಲ್ಲ, ಬಾವಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರೆ ಮಾತ್ರ ಸಿಗುತ್ತಿತ್ತು. ರೇಣು ಹತ್ತನೆಯ ಇಯತ್ತೆಗೆ ಕಾಲಿಟ್ಟವಳು, ಹಾಗಾಗಿ ಬೆಳಗಿನ ಪಾಳಿ ಅವಳದು. ಮೇಲೆ ಶಾಲೆಯ ಅಂಗಿ, ಕೆಳಗೆ ಮನೆಯ ಲಂಗ, ತಲೆಗೆ ಬಿಸಿಲು ತಾಗದಂತೆ ನನ್ನ ಹಳೆಯ ದುಪಟ್ಟಾ, ಹೀಗೆ ಕಲ್ಲಿನ ಮೇಲೆ ಕುಳಿತು ಗಣಿತ ಕಲಿಯುತ್ತಿದ್ದಳು. ಒಂದು ದಿನ ಮಾಸ್ತರರು ಹಾಜರಿ ಕರೆದರು. ರೇಣುಕಾ ಎಂದು ಕರೆದಾಗ ಇವಳು ಗುಂಡಿ ಒತ್ತಿ ಬಾಯಿ ತೆರೆಯುವಷ್ಟರಲ್ಲಿ ಫಿಲು ಆಂಟಿಯ ಹುಂಜ ಕತ್ತು ಚಾಚಿ ಪೂರ್ತಿ ದನಿಯಲ್ಲಿ ಕೂಗಿಬಿಟ್ಟಿತು. ಫೋನಿನೊಳಗಿನ ಇಡೀ ವರ್ಗ ನಕ್ಕಿತು. ಮಾಸ್ತರರೂ ನಗು ತಡೆದುಕೊಂಡು, ಅವನದೂ ಹಾಜರಿ ಹಾಕಲೇನು ಎಂದು ಕೇಳಿದರಂತೆ. ಅಂದಿನಿಂದ ಆ ಹುಂಜಕ್ಕೆ ಮಾನಿಟರ್ ಎಂದೇ ಹೆಸರಾಯಿತು. ಫಿಲು ಆಂಟಿ ಕೂಡ ಕಾಳು ಹಾಕುವಾಗ “ಮಾನಿಟರ್, ಯೇ, ಯೇ” ಎಂದು ಕರೆಯುವುದನ್ನು ನಾನೇ ಕೇಳಿದ್ದೇನೆ.

ಮಧ್ಯಾಹ್ನ ಊಟವಾದ ಮೇಲೆ ನನ್ನ ಪಾಳಿ. ಚಳಿಗಾಲದಲ್ಲಿ ನಮ್ಮ ದಂಡೆಗೆ ರಷ್ಯಾದವರು ಬಹಳ ಬರುತ್ತಾರೆ, ನಾವು ಮಣಿಸರ ಮಾರುವವರೆಲ್ಲ ಅವರ ನಾಲ್ಕು ಮಾತು ಕಲಿತಿರುತ್ತೇವೆ. ಅದನ್ನು ಹೇಗೋ ಬಾಯಿ ತಪ್ಪಿ ಹೇಳಿದೆ. ಮಕ್ಕಳು ಬಿಡಲಿಲ್ಲ. ನಾನು ಗೋಡೆಗೆ ಆತು ಕುಳಿತು ‘ಪ್ರಿವ್ಯೆತ್’ ಅಂದರೆ ನಮಸ್ಕಾರ, ‘ಕ್ರಸೀವಾ’ ಅಂದರೆ ಚೆಂದ, ‘ನ್ಯೆತ್’ ಅಂದರೆ ಬೇಡ ಎಂದು ಕಲಿಸಿದೆ. ಒಂದು ವಾರದೊಳಗೆ ನಮ್ಮ ಮನೆಯಲ್ಲಿ ಕಸ ಗುಡಿಸು ಅಂದರೂ ನ್ಯೆತ್, ನೀರು ಸೇದು ಅಂದರೂ ನ್ಯೆತ್. ಒಂದು ಮಧ್ಯಾಹ್ನ ರೇಣು ಫಿಲು ಆಂಟಿಯ ಹಳೆಯ ಹ್ಯಾಟು, ಕಪ್ಪು ಕನ್ನಡಕ ಕೇಳಿ ತಂದು ರಷ್ಯಾದ ಹೆಂಗಸಾದಳು. ಈರಣ್ಣ ಅವಳ ಗಂಡ, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಚಾಪೆಯ ಮೇಲೆ ಬಿಸಿಲು ಕಾಯಿಸುವವನು. ನಾನು ನನ್ನ ಗಂಟು ಬಿಚ್ಚಿ, ದಿನವೂ ಮಾಡುವಂತೆಯೇ ಅವರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು ಸರಗಳನ್ನು ಒಂದೊಂದಾಗಿ ಮೊಣಕೈ ಮೇಲೆ ಇಳಿಬಿಟ್ಟು, “ಪ್ರಿವ್ಯೆತ್, ಕ್ರಸೀವಾ, ಕ್ರಸೀವಾ,” ಎಂದೆ. ಗಂಡ ಕಣ್ಣು ತೆರೆಯದೆ “ನ್ಯೆತ್” ಎಂದ. ಮತ್ತೆ ತೋರಿಸಿದೆ. ಕೈ ಬೀಸಿ “ನ್ಯೆತ್, ನ್ಯೆತ್” ಎಂದ. ನಾನು ನಕ್ಕು ಎದ್ದು, ಎರಡು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದೆ. ಅದು ನನಗೆ ರೂಢಿ. ಆಗ ರೇಣು ಕನ್ನಡಕ ತೆಗೆದಳು.

“ಅವ್ವಾ, ದಿನಾ ಎಷ್ಟ ಮಂದಿ ಹಿಂಗ ನ್ಯೆತ್ ಅಂತಾರ?”

“ಎಲ್ಲಾರೂ ಅಂತಾರವಾ. ಒಬ್ಬರು ಇಬ್ಬರು ಬಿಟ್ಟು.”

“ಅಂದ್ರೂ ನೀ ನಕ್ಕೋಂತ ಹೋಗ್ತಿ?”

“ನಗದ ಮತ್ತೇನ್ ಮಾಡ್ಲಿ? ನಾಳಿ ಅವರ ಮುಂದನ ಹಾಯ್ದು ಹೋಗಬೇಕಲ್ಲ.”

ಅವಳು ಹ್ಯಾಟು ಸರಿಮಾಡಿಕೊಂಡು, “ಹಂಗಾರ ನಾ ಎಲ್ಲಾ ತಗೋತೇನಿ, ಕೊಡು,” ಎಂದು ಗಂಟಿನಲ್ಲಿದ್ದ ಸರಗಳನ್ನೆಲ್ಲ ಕೊರಳಿಗೆ ಹಾಕಿಕೊಂಡಳು. ಈರಣ್ಣನ ಕೊರಳಿಗೂ ಹಾಕಿದಳು, ಒಳಗೆ ಬಂದ ಅಪ್ಪನ ಕೊರಳಿಗೂ ಹಾಕಿದಳು. ಮೂವರೂ ಸಂಜೆಯ ತನಕ ಅದನ್ನು ತೆಗೆಯಲಿಲ್ಲ. ಹಾಲು ಕೊಡಲು ಬಂದವನು ಮಕ್ಕಳ ಅಪ್ಪನ ಕೊರಳಲ್ಲಿದ್ದ ಗುಲಾಬಿ ಮಣಿಸರ ನೋಡಿ ಏನೂ ಕೇಳದೆ ಹೋದ.

ಆ ಅಪ್ಪನ ಬಗ್ಗೆ ಹೇಳಬೇಕು. ಇವರು ಮಾತು ಕಡಿಮೆಯ ಮನುಷ್ಯ. ಕೆಲಸವಿಲ್ಲದ ಕೈಯನ್ನು ಎಲ್ಲಿಡಬೇಕೆಂದು ಇವರಿಗೆ ತಿಳಿಯುತ್ತಿರಲಿಲ್ಲ. ಚಾ ಕುಡಿಯುತ್ತ ಗೋಡೆಯನ್ನೇ ನೋಡಿ, ಈ ಮೂಲೆ ಮಟ್ಟದಲ್ಲಿಲ್ಲ ಎನ್ನುವರು. ಬಚ್ಚಲಿನ ಹಿಂದೆ ಚೀಲಗಳಲ್ಲಿ ಒಡೆದ ಟೈಲ್ಸು ಇದ್ದವು. ಕೆಲಸದ ಕಡೆ ಕಸಕ್ಕೆ ಎಸೆಯುತ್ತಿದ್ದ ತುಂಡುಗಳನ್ನು ಇವರು ಯಾವುದಕ್ಕಾದರೂ ಬಂದೀತು ಎಂದು ತಂದಿಡುತ್ತ ಬಂದಿದ್ದರು. ಒಂದು ಬೆಳಿಗ್ಗೆ ಆ ಚೀಲಗಳನ್ನು ಅಂಗಳಕ್ಕೆ ಸುರಿದು, ಮಕ್ಕಳನ್ನು ಕರೆದು, ಅಡುಗೆಮನೆಗೆ ನೆಲ ಹಾಕೋಣ ಎಂದರು. ಬಿಳಿ, ನೀಲಿ, ಕಂದು, ಹಸಿರು, ಹೂವಿನ ಅರ್ಧ, ಬಳ್ಳಿಯ ಕಾಲು ಭಾಗ. ಬಂಗಲೆಯ ಒಡತಿ ಫಿಲು ಆಂಟಿಯನ್ನು ಕೇಳಬೇಕಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇರುತ್ತಿದ್ದ ಆಕೆ ಮಾಸ್ಕ್ ಹಾಕಿಕೊಂಡು ಕಿಟಕಿಯಿಂದಲೇ ತುಂಡುಗಳ ರಾಶಿ ನೋಡಿ, “ಕರ್, ಕರ್. ಪುಣ್ ಸಾರ್ಕೆಂ ಕರ್,” ಎಂದಳು. ಮಾಡು, ಆದರೆ ಸರಿಯಾಗಿ ಮಾಡು ಎಂದು.

ಹೇಗೆ ಕೂಡಿಸಬೇಕೆಂಬುದಕ್ಕೆ ಎರಡು ದಿನ ಯುದ್ಧವಾಯಿತು. ಒಂದೊಂದು ಬಣ್ಣ ಒಂದೊಂದು ಸಾಲಾಗಿ ಬರಲಿ ಎಂದು ಈರಣ್ಣ. ನಡುವೆ ದೊಡ್ಡದೊಂದು ಹೂವು ಬರಬೇಕು ಎಂದು ರೇಣು. ಇವರು ಇಬ್ಬರ ಮಾತೂ ಕೇಳಿ, ನಡುವೆ ಹೂವು, ಸುತ್ತ ಸಾಲು ಎಂದು ತೀರ್ಪು ಕೊಟ್ಟರು. ರೇಣು ಇದ್ದಲಿನಿಂದ ನೆಲದ ಮೇಲೆ ಹೂವು ಬರೆದಳು. ಈರಣ್ಣ ಸಿಮೆಂಟು, ಉಸುಕು ಕಲಸಿದ. ಕರಣಿ ಹೇಗೆ ಹಿಡಿಯಬೇಕು, ತುಂಡಿನ ಕೆಳಗೆ ಗಾಳಿ ಉಳಿಯದಂತೆ ಹೇಗೆ ಒತ್ತಬೇಕು, ಬಡಿದಾಗ ಯಾವ ದನಿ ಬಂದರೆ ಗಟ್ಟಿ, ಯಾವುದು ಬಂದರೆ ಟೊಳ್ಳು ಎಂದು ಇವರು ಹೇಳುತ್ತಲೇ ಇದ್ದರು. ನನ್ನ ಜೊತೆಗೆ ಇಷ್ಟು ವರ್ಷದಲ್ಲಿ ಆಡದಷ್ಟು ಮಾತನ್ನು ಆ ಒಂದು ವಾರದಲ್ಲಿ ಮಕ್ಕಳ ಜೊತೆ ಆಡಿದರು. ಒಲೆ ಅಂಗಳಕ್ಕೆ ಬಂತು. ಮೂರು ಕಲ್ಲಿನ ಮೇಲೆ ಹಂಚು ಇಟ್ಟು ನಾನು ರೊಟ್ಟಿ ಬಡಿಯುತ್ತಿದ್ದರೆ ಬುಟ್ಟಿಯೊಳಗಿನ ರೊಟ್ಟಿಗೆ ಮಾನಿಟರ್ ಬಾಯಿ ಹಾಕುತ್ತಿತ್ತು. ಒಂದು ದಿನ ನನ್ನ ಸೊಂಟ ನೋಯುತ್ತದೆ ಎಂದು ಈರಣ್ಣ ತಾನೇ ರೊಟ್ಟಿ ಬಡಿಯಲು ಕುಳಿತ. ಕಷ್ಟಪಟ್ಟು ಬಡಿದು ಬೇಯಿಸಿದ ಮೊದಲ ರೊಟ್ಟಿಯನ್ನು ರೇಣು ಎರಡು ಕೈಯಲ್ಲಿ ಎತ್ತಿ, ಬೆರಳಿನಿಂದ ಟಕ್ ಟಕ್ ಎಂದು ಬಡಿದು ಕಿವಿ ಹಚ್ಚಿ ಕೇಳಿದಳು.

“ಅಪ್ಪಾ, ಇದು ಗಟ್ಟಿ ಐತಿ ನೋಡು, ಟೊಳ್ಳ ಇಲ್ಲ. ಇದನ್ನೂ ನೆಲಕ್ಕ ಕೂಡಸು.”

ಇವರು ನಕ್ಕ ನಗೆಗೆ ಚಾ ನೆತ್ತಿಗೇರಿತು. ಈರಣ್ಣ ಸಿಟ್ಟಾದ, ಆಮೇಲೆ ಅವನೂ ನಕ್ಕ. ಆ ರೊಟ್ಟಿಯನ್ನು ನಾವು ನಾಲ್ವರೂ ಹಂಚಿಕೊಂಡು, ಸಾರಿನಲ್ಲಿ ನೆನೆಸಿ ನೆನೆಸಿ ತಿಂದೆವು.

ನೆಲ ಅರ್ಧವಾಗಿತ್ತು. ಆಗ ಊರಿಗೆ ಹೋಗುವವರಿಗೆ ಬಸ್ಸು ಬಿಡುತ್ತಾರೆಂಬ ಸುದ್ದಿ ಬಂತು. ನಮ್ಮ ಸಾಲಿನ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ಹಾಸಿಗೆ ಸುರುಳಿ, ಕುಕ್ಕರು, ಕೂಸುಗಳನ್ನು ಹೊತ್ತು ಜನ ಏರು ಹತ್ತಿ ಹೋಗುವುದನ್ನು ನಾವು ಬಾಗಿಲಲ್ಲಿ ನಿಂತು ನೋಡಿದೆವು. ಆ ವಾರವೇ ಊರಿನಿಂದ ಭಾವನವರ ಫೋನು ಬಂತು. ಇವರ ಅಪ್ಪ ತೀರಿಕೊಂಡಾಗ ಇವರನ್ನು ಸಾಕಿ ಬೆಳೆಸಿದ ಅಣ್ಣ. ಅವರ ಮಾತಿಗೆ ಇವರು ಎಂದೂ ಎದುರಾಡಿದವರಲ್ಲ. ಫೋನು ದೊಡ್ಡ ದನಿಗೆ ಇಟ್ಟಿದ್ದರು, ಎಲ್ಲರಿಗೂ ಕೇಳಿಸುತ್ತಿತ್ತು.

“ಹನಮ್ಯಾ, ಅಲ್ಲೇನ್ ಉಳದೈತಿ ಇನ್ನ? ಎಲ್ಲಾರೂ ಬರಾಕತ್ತಾರ, ನೀವೂ ಬಂದುಬಿಡ್ರಿ. ಮತ್ತ ನಮ್ಮ ರೇಣುಂದೂ ಒಂದ ಮಾತೈತಿ. ನಿಮ್ಮ ವೈನಿ ಕಡೆಯವರ ಪೈಕಿ ಹುಡುಗ ಅದಾನ, ಚಲೋ ಮನಿತನ. ಈಗ ಮಾಡಿದ್ರ ನಾಕ ಮಂದ್ಯಾಗ ಮುಗೀತೈತಿ. ಶಾಲಿ ಅಂತೂ ಬಂದ್ ಐತಲ್ಲ.”

“ಹೂಂ ಅಣ್ಣಾ. ನೋಡ್ತೇನಿ,” ಎಂದರು ಇವರು.

ರೇಣು ಹಿಟ್ಟು ನಾದುತ್ತಿದ್ದವಳು ಕೈಗೆ ಹಿಟ್ಟು ಮೆತ್ತಿದ ಹಾಗೆಯೇ ಎದ್ದು ಹೊರಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಫೋನು ಕೈಯಲ್ಲಿರಲಿಲ್ಲ. ಸುಮ್ಮನೆ ಬಾವಿಯ ಕಡೆ ನೋಡುತ್ತಿದ್ದಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ. ಫ್ಯಾನು ತನ್ನ ಪಾಡಿಗೆ ಗೋಡೆಯ ಕಡೆ ತಿರುಗಿ ಸುತ್ತುತ್ತಿತ್ತು, ಯಾರೂ ಅದನ್ನು ಎಳೆದುಕೊಳ್ಳಲಿಲ್ಲ. ಈರಣ್ಣ ತಾನಾಗಿ ಕೆನೆಯಿರುವ ಲೋಟವನ್ನು ತಂಗಿಯ ಮುಂದೆ ಸರಿಸಿದ, ಅವಳು ಕುಡಿಯಲಿಲ್ಲ. ಇವರು ಕರಣಿ ಮುಟ್ಟಲಿಲ್ಲ. ಕಲಸಿ ಉಳಿದಿದ್ದ ಸಿಮೆಂಟು ಬುಟ್ಟಿಯಲ್ಲೇ ಗಟ್ಟಿಯಾಯಿತು. ಅರ್ಧ ಹೂವು ಬಿಟ್ಟ ನೆಲದ ಅಂಚಿನಲ್ಲಿ ನಾವು ಹುಷಾರಾಗಿ ಕಾಲಿಡುತ್ತ ಓಡಾಡಿದೆವು. ನನ್ನ ಮದುವೆಯೂ ಹೀಗೆಯೇ ಆಗಿತ್ತು. ಒಂದು ಸಂಜೆ ದಂಡೆಯಿಂದ ಬಂದಾಗ ಅವ್ವ, ಸ್ನಾನ ಮಾಡಿ ಈ ಸೀರೆ ಉಟ್ಟುಕೋ ಎಂದಿದ್ದಳು. ಆಗ ನನಗೂ ರೇಣುವಿನ ವಯಸ್ಸೇ. ಸಿಕ್ಕ ಗಂಡ ಒಳ್ಳೆಯವರು, ಆ ಬಗ್ಗೆ ನನಗೆ ದೂರಿಲ್ಲ. ಆದರೆ ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೇಳಬೇಕಾಗಿತ್ತು ಎಂದು ನನಗೂ ಅನ್ನಿಸಿರಲಿಲ್ಲ. ಕಲ್ಲಿನ ಮೇಲೆ ಕುಳಿತ ಮಗಳ ಬೆನ್ನು ನೋಡಿದಾಗ ಮೊದಲ ಸಲ ಹಾಗನ್ನಿಸಿತು. ನೀರು ಸೇದುವಾಗ ಇವರ ಹತ್ತಿರ ಮಾತು ತೆಗೆದೆ.

“ಅಣ್ಣಗ ಹೆಂಗ ಇಲ್ಲ ಅನ್ಲಿ?” ಎಂದರು. “ಹೆಗಲ ಮ್ಯಾಲ ಹೊತ್ತ ಬೆಳಸ್ಯಾನ ನನ್ನ.”

“ಹೊತ್ತಾರ, ಖರೆ ಐತ್ರಿ. ಅದಕ್ಕ ರೇಣೂನ್ನ ಕೊಡಬೇಕೇನ್ರಿ?”

ಇವರು ಕೊಡ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಹೊರಗೆ ಚಾ ಕುಡಿಯುತ್ತಿದ್ದಾಗ ಅಡುಗೆಮನೆಯಿಂದ ಟಪ್ ಟಪ್ ಎಂಬ ಸದ್ದು ಬಂತು. ರಬ್ಬರ್ ಸುತ್ತಿಗೆಯ ಸದ್ದು. ಇವರು ಲೋಟ ಕೆಳಗಿಟ್ಟು ಕಿವಿಗೊಟ್ಟರು. ಮತ್ತೆ ಟಪ್. ಇವರ ಮುಖ ಹುಳಿಯಾಯಿತು.

“ಟೊಳ್ಳ ಬಡ್ಯಾಕತ್ತೈತಿ,” ಎಂದು ಎದ್ದರು.

ಒಳಗೆ ಈರಣ್ಣ ಬರೀ ಬನಿಯನ್ನಿನಲ್ಲಿ ಕುಳಿತು, ಮೈಯೆಲ್ಲ ಸಿಮೆಂಟು ಮಾಡಿಕೊಂಡು, ಬಾಗಿಲಿನ ಕಡೆಯಿಂದ ಒಂದು ಸಾಲು ಹಾಕುತ್ತ ಬಂದಿದ್ದ. ಒಂದು ತುಂಡು ಮೇಲೆ, ಒಂದು ಕೆಳಗೆ, ಸಾಲು ನೀರಿನ ಕೊಡದ ಕಡೆಗೆ ಸೊಟ್ಟಗೆ ಓಡಿತ್ತು. ರೇಣು ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು.

“ಯಾರ ಹೇಳಿದ್ರೋ ನಿನಗ ಇದನ್ನ ಮಾಡಂತ?”

“ಯಾರೂ ಹೇಳಿಲ್ಲ. ನೀ ಮಾಡಾಂಗಿಲ್ಲ, ಅದಕ್ಕ ನಾ ಮಾಡಾಕತ್ತೇನಿ.”

“ಬಿಟ್ಟ ಹೋಗೋ ಮನಿಗಿ ಯಾಕೋ ನೆಲ?”

ಈರಣ್ಣ ತಲೆ ಎತ್ತಲಿಲ್ಲ. ಇನ್ನೊಂದು ತುಂಡು ತೆಗೆದುಕೊಂಡು ಕೂಡಿಸಿದ. ಅದೂ ಸೊಟ್ಟ.

“ನಾ ಎಲ್ಲಿಗೂ ಹೋಗಾಂಗಿಲ್ಲ ಅಪ್ಪಾ. ಇಕೀನೂ ಹೋಗಾಂಗಿಲ್ಲ. ಇಕಿ ಹೋದ್ರ ನಾ ಯಾರ ಕೂಡ ಜಗಳಾಡ್ಲಿ?”

ಅವನ ದನಿ ಕೊನೆಯ ಮಾತಿಗೆ ಒಡೆಯಿತು. ಗಂಡಸಿನ ದನಿ ಬರುವ ವಯಸ್ಸಿನಲ್ಲಿ ಹಾಗೆ ಒಡೆಯುತ್ತದೆ, ಆದರೆ ಅದು ಅಷ್ಟೇ ಆಗಿರಲಿಲ್ಲ. ಇವರು ಬಾಗಿಲಲ್ಲಿ ನಿಂತು ಮಗನನ್ನು ನೋಡಿದರು, ಆ ಸೊಟ್ಟ ಸಾಲನ್ನು ನೋಡಿದರು. ಮೂಲೆಯಲ್ಲಿದ್ದ ರೇಣು ಆಗ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಳು:

“ನಂಗ ಹತ್ತನೇತ್ತ ಮುಗಸಬೇಕಾಗೈತಿ ಅಪ್ಪಾ. ಆಮ್ಯಾಲೂ ಕಲೀಬೇಕಾಗೈತಿ.”

ಇವರು ಕೆಳಗೆ ಕುಳಿತು, ಮಗನ ಕೈಯಿಂದ ಕರಣಿ ತೆಗೆದುಕೊಂಡು, ಅವನು ಹಾಕಿದ ಸಾಲನ್ನು ಒಂದೊಂದಾಗಿ ಎಬ್ಬಿಸಿದರು. ಸೊಟ್ಟ ನೆಲ ನೋಡಿಕೊಂಡು ಸುಮ್ಮನಿರುವುದು ಅವರ ಜೀವಕ್ಕೆ ಆಗದು. ಮಗನಿಗೆ ಅದು ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿದ ತಲೆಯನ್ನು ಎತ್ತದೆಯೇ, “ರೇಣು, ನೀರ್ ತಾ,” ಎಂದರು. ಅವಳು ಎದ್ದು ತಂಬಿಗೆ ತುಂಬಿಸಿದಳು. ಮೂವರೂ ಕೆಲಸಕ್ಕೆ ಕುಳಿತರು. ಆಮೇಲೆ ನೀಲಿ ತುಂಡು ಎಲ್ಲಿ ಬರಬೇಕೆಂಬುದಕ್ಕೆ ಅಣ್ಣತಂಗಿ ದನಿ ಏರಿಸಿದರು. ನಾನು ಅಂಗಳದಲ್ಲಿ ಒಲೆಯ ಮುಂದೆ ಕುಳಿತು ಆ ಜಗಳ ಕೇಳಿಸಿಕೊಳ್ಳುತ್ತ ಕಣ್ಣೊರೆಸಿಕೊಂಡೆ.

ಊಟದ ಹೊತ್ತಿಗೆ ಫೋನು ಬಂತು. ಭಾವನವರದೇ. ಇವರು ಎರಡೂ ಕೈ ತೋರಿಸಿ, “ಕೈಗಿ ಸಿಮೆಂಟ್ ಹತ್ತೇತಿ. ನೀ ಮಾತಾಡು,” ಎಂದರು. ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಂಗಸರು ನಿಂತು ಮಾತಾಡುವ ರೂಢಿಯಿಲ್ಲ. ನಾನು ಅವರ ಜೊತೆ ಆಡಿದ ಮಾತೆಲ್ಲ ಚಾ ತಗೋರಿ, ಊಟಕ್ಕೆ ಏಳ್ರಿ ಎನ್ನುವಷ್ಟೇ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಫೋನು ತೆಗೆದು ದೊಡ್ಡ ದನಿಗೆ ಇಟ್ಟೆ.

“ಹನಮ್ಯಾ ಎಲ್ಲಿ?”

“ಕೆಲಸದಾಗ ಅದಾರ್ರಿ ಭಾವಾರ. ನಾ ಮಾತಾಡಾಕತ್ತೇನ್ರಿ.”

“ಬಸ್ಸಿಗಿ ಹೆಸರ ಹಚ್ಚೀರೇನು?”

“ಇಲ್ರಿ. ನಾವು ಇಲ್ಲೇ ಇರ್ತೇವ್ರಿ. ರೇಣು ಹತ್ತನೇತ್ತ ಅದಾಳ್ರಿ, ಕಲೀಲ್ರಿ. ಹುಡುಗನ ಮನಿಯವರಿಗಿ ಬ್ಯಾಡಂತ ಹೇಳಿಬಿಡ್ರಿ ಭಾವಾರ. ನೀವು ನಮ್ಮ ಚಲೋಕ್ಕ ಹೇಳೀರಿ, ಅದು ಗೊತ್ತೈತ್ರಿ.”

“ಇದು ಹನಮ್ಯಾನ ಮಾತೋ, ನಿಂದೋ?”

ನಾನು ಬಾಗಿಲ ಕಡೆ ನೋಡಿದೆ. ಇವರು ಒಂದು ತುಂಡನ್ನು ಅಂಗೈಯಿಂದ ನೆಲಕ್ಕೆ ಒತ್ತಿ ಹಿಡಿದಿದ್ದರು. ಅದನ್ನು ಬಿಡದೆ, ಫೋನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿ ಹೇಳಿದರು:

“ಇಬ್ಬರದೂ, ಅಣ್ಣಾ!”

“ಆತು. ದೊಡ್ಡವರಾಗೀರಿ,” ಎಂದು ಭಾವನವರು ಫೋನಿಟ್ಟರು.

ರೇಣು ನನ್ನನ್ನೇ ನೋಡುತ್ತಿದ್ದವಳು ತುಟಿ ಕಚ್ಚಿಕೊಂಡು ಕೇಳಿದಳು.

“ಅವ್ವಾ, ಫೋನಿನ್ಯಾಗ ದೊಡ್ಡಪ್ಪಗ ನಿನ್ನ ತಲಿ ಕಾಣತೈತೇನ?”

ಸೆರಗು ಇನ್ನೂ ಹಣೆಯ ತನಕ ಎಳೆದುಕೊಂಡೇ ಇತ್ತು. ಮೊದಲು ನಕ್ಕವಳು ನಾನೇ. ಆಮೇಲೆ ಈರಣ್ಣ ಸಿಮೆಂಟಿನ ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಮೀಸೆ ಬರೆದುಕೊಂಡ. ಇವರು ಮಾತ್ರ ನಗುತ್ತಲೇ ತುಂಡನ್ನು ಒತ್ತಿ ಹಿಡಿದಿದ್ದರು, ಹಿಡಿತ ಬಿಟ್ಟರೆ ಸರಿಯುತ್ತದೆ ಎಂದು.

ಸಂಜೆ ಅಂಗಳದಲ್ಲಿ ಊಟಕ್ಕೆ ಕುಳಿತಾಗ ಇವರು ಗಂಟಲು ಸರಿಮಾಡಿಕೊಂಡರು. ಇವರು ಹಾಗೆ ಮಾಡುವುದು ಅಪರೂಪ, ನಾವೆಲ್ಲ ತುತ್ತು ಕೈಯಲ್ಲೇ ಹಿಡಿದು ಅವರತ್ತ ನೋಡಿದೆವು.

“ರೇಣು, ನಿನಗ ಏನ್ ಬೇಕು, ಹೇಳು. ಮನಸಿನ್ಯಾಗ ಏನೈತಿ ಎಲ್ಲಾ ಹೇಳು.”

ನಮ್ಮ ಎರಡೂ ಮನೆತನಗಳಲ್ಲಿ ಒಬ್ಬ ಅಪ್ಪ ಮಗಳನ್ನು ಹೀಗೆ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಗಳು ಬಹಳ ಹೊತ್ತು ಯೋಚಿಸಿದಳು. ದೊಡ್ಡ ಮಾತೇನೋ ಬರುತ್ತದೆ ಎಂದು ನಾನು ಕಾದಿದ್ದೆ.

“ಭಾಂಡೆ ತಿಕ್ಕೋ ಪಾಳಿ ಈರಣ್ಣಂದೂ ಆಗಬೇಕು,” ಎಂದಳು.

ಈರಣ್ಣ ನ್ಯೆತ್ ಎನ್ನಲು ಬಾಯಿ ತೆರೆದ. ಅಪ್ಪನ ಮುಖ ನೋಡಿ ಮುಚ್ಚಿದ. ಆ ಸಂಜೆ ಬಾವಿಯ ಹತ್ತಿರ ಕುಳಿತು ನನ್ನ ಮಗ ಬೋಗುಣಿ, ತಾಟು, ಹಂಚು ಎಲ್ಲ ತಿಕ್ಕಿದ. ತಿಕ್ಕುವಾಗ ಮುಂಗೂದಲು ಕಣ್ಣಿಗೆ ಬೀಳುತ್ತಿತ್ತು. ರೇಣು ಹೋಗಿ ತನ್ನ ಹೇರ್‌ಪಿನ್ನು ಅವನ ತಲೆಗೆ ಸಿಕ್ಕಿಸಿ ಬಂದಳು. ಅವನು ಅದನ್ನು 
ತೆಗೆಯಲಿಲ್ಲ.

ಮಳೆ ಹಿಡಿಯುವ ಮೊದಲೇ ನೆಲ ಮುಗಿಯಿತು. ಫಿಲು ಆಂಟಿ ನೋಡಲು ಬಂದು, ಚಪ್ಪಲಿ ಬಿಟ್ಟು ಹೂವಿನ ಮೇಲೆ ನಿಂತು, ಇಂಥದ್ದು ನನ್ನ ಬಂಗಲೆಯಲ್ಲೂ ಇಲ್ಲ ಎಂದಳು. ಅದೇ ಮಳೆಗಾಲದಲ್ಲಿ ಆಕೆಗೆ ಜ್ವರ ಬಂದು ಬಾಗಿಲು ಹಾಕಿಕೊಂಡು ಮಲಗಬೇಕಾಯಿತು. ನನ್ನ ಮಕ್ಕಳು ಗಂಜಿಯ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೊಡೆ ಹಿಡಿದು ದೂರ ನಿಂತು, ಆಕೆ ಎದ್ದು ತೆಗೆದುಕೊಳ್ಳುವ ತನಕ ಕೊಂಕಣಿಯಲ್ಲಿ ಹರಟುತ್ತಿದ್ದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಕೆ ಹುಷಾರಾದಳು. ಭಾವನವರು ಬಹಳ ತಿಂಗಳು ಮಾತು ಬಿಟ್ಟಿದ್ದರು, ಆಮೇಲೆ ಒಂದು ಹಬ್ಬದ ದಿನ ತಾವೇ ಫೋನು ಮಾಡಿ, ನಿಮ್ಮ ಕಡೆ ಮಳೆ ಹೆಂಗೈತಿ ಎಂದು ನನ್ನನ್ನೇ ಕೇಳಿದರು. ನಾನು ಸೆರಗು ಹೊದೆಯದೆ ಉತ್ತರ ಕೊಟ್ಟೆ. ಈಗ ರೇಣು ನರ್ಸಿಂಗ್ ಕಲಿಯುತ್ತಿದ್ದಾಳೆ. ಈರಣ್ಣ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಾನೆ, ಅವನು ಹಾಕಿದ ಸಾಲು ಈಗ ಸೊಟ್ಟವಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಆ ದಿನಗಳೆಂದರೆ ನನ್ನ ಕಣ್ಣಿಗೆ ಬರುವುದು ಶಾಲೆ ಮತ್ತೆ ತೆರೆದ ಬೆಳಿಗ್ಗೆ. ಹಿಂದಿನ ದಿನ ಪೆಟ್ಟಿಗೆಯಿಂದ ರೇಣುವಿನ ಯೂನಿಫಾರ್ಮ್ ತೆಗೆದರೆ ಸ್ಕರ್ಟು ಮೊಣಕಾಲಿಗಿಂತ ಮೇಲೆ ಬಂದಿತ್ತು. ಹೊಸದು ಹೊಲಿಸುವ ಹಾಗಿರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ. ನಾನು ಕೆಳಗಿನ ಮಡಿಕೆ ಪೂರ್ತಿ ಬಿಚ್ಚಿ ಇಳಿಸಿ ಹೊಲಿದೆ. ಉದ್ದ ಸರಿಹೋಯಿತು, ಆದರೆ ಒಗೆದು ಒಗೆದು ಬಣ್ಣ ಹೋದ ಬಟ್ಟೆಯ ಕೆಳಗೆ, ಮಡಿಕೆಯೊಳಗಿದ್ದ ಭಾಗ ಹೊಚ್ಚ ಹೊಸ ಕಡುನೀಲಿ ಪಟ್ಟಿಯಾಗಿ ಎದ್ದು ಕಾಣುತ್ತಿತ್ತು. ಅವಳು ಉಟ್ಟುಕೊಂಡು, ಬ್ಯಾಗು ಹೆಗಲಿಗೆ ಹಾಕಿ ಗೇಟಿನ ತನಕ ಹೋಗಿ ನಿಂತಳು. ಬಗ್ಗಿ ನೋಡಿಕೊಂಡಳು.

“ಅವ್ವಾ, ಪಟ್ಟಿ ಕಾಣತೈತೇನ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಕಾಣತೈತಿ.”

ಅವಳು ಇನ್ನೊಮ್ಮೆ ನೋಡಿಕೊಂಡು, ಬೆನ್ನು ನೆಟ್ಟಗೆ ಮಾಡಿದಳು.

“ಕಾಣ್ಲಿ ಬಿಡು. ಎಷ್ಟ ಬೆಳದೇನಿ ಅಂತ ಎಲ್ಲಾರಿಗೂ ಗೊತ್ತಾಗ್ತೈತಿ,” ಎಂದು ಹೇಳಿ ರಸ್ತೆಯ ಏರು ಹತ್ತಿದಳು.